ದಿನನಿತ್ಯದ ಬದುಕಿನಲ್ಲಿ ದೇವರ ಸನ್ನಿಧಿ: ರಾತ್ರಿಯಿಂದ ಆರಂಭಿಸುವ ಒಂದು ಅಭ್ಯಾಸಕ್ರಮ

ಭಾನುವಾರದ ಆರಾಧನೆಯಲ್ಲಿ ಕಣ್ಣು ತುಂಬಿ ಬಂದಿರುತ್ತದೆ, ಹಾಡಿನ ನಡುವೆ ದೇವರು ತೀರ ಹತ್ತಿರದಲ್ಲಿದ್ದಾನೆಂದು ಅನ್ನಿಸಿರುತ್ತದೆ. ಸೋಮವಾರ ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಅದರ ಸುಳಿವೂ ಉಳಿದಿರುವುದಿಲ್ಲ. ಬಹುಪಾಲು ವಿಶ್ವಾಸಿಗಳು ಇದನ್ನು ತಮ್ಮ ಭಕ್ತಿಯ ಕೊರತೆಯೆಂದು ತಿಳಿದು, ಇನ್ನೂ ಹೆಚ್ಚು ಹೊತ್ತು ಪ್ರಾರ್ಥಿಸಬೇಕು, ಇನ್ನೂ ಬೇಗ ಏಳಬೇಕು ಎಂದು ನಿಶ್ಚಯಿಸುತ್ತಾರೆ. ಎರಡು ವಾರ ಹಟ ಹಿಡಿದು ನಡೆಸಿ ಮೂರನೆಯ ವಾರ ಕೈಬಿಡುತ್ತಾರೆ. ನಾನೂ ಹಲವು ವರ್ಷ ಹೀಗೇ ಮಾಡಿದವನು. ನನ್ನ ಪ್ರಯತ್ನದಲ್ಲಿ ಅಂಥ ಕೊರತೆಯೇನೂ ಇರಲಿಲ್ಲ. ದೇವರ ಸನ್ನಿಧಿಯನ್ನು ಎಲ್ಲಿ, ಯಾವಾಗ ಹುಡುಕಬೇಕೆಂಬುದೇ ನನಗೆ ಗೊತ್ತಿರಲಿಲ್ಲ. ಆದ್ದರಿಂದ ಈ ಮಾರ್ಗದರ್ಶಿಯು ಅಭ್ಯಾಸಕ್ಕೆ ಹೋಗುವ ಮುನ್ನ ಆ ಮಾತಿನ ಅರ್ಥದ ಬಳಿ ಸ್ವಲ್ಪ ಹೊತ್ತು ನಿಲ್ಲುತ್ತದೆ.

ಸನ್ನಿಧಿ ಎಂದರೆ ಏನು

ಹಳೆಯ ಒಡಂಬಡಿಕೆಯಲ್ಲಿ ದೇವರ ಸನ್ನಿಧಿ, ಪ್ರಸನ್ನತೆ ಎಂದು ನಾವು ಓದುವ ಅನೇಕ ಕಡೆಗಳಲ್ಲಿ ಮೂಲ ಹೀಬ್ರೂ ಪದ 'ಪಾನೀಮ್' ಎಂದಿದೆ. ಅದರ ನೇರ ಅರ್ಥ ಮುಖ. ನಮ್ಮ 'ಸಮ್ಮುಖ' ಎಂಬ ಮಾತಿನೊಳಗೂ ಅದೇ ಮುಖ ಕುಳಿತಿರುವುದು ನಮ್ಮ ಭಾಗ್ಯ. ಅನುವಾದದಲ್ಲಿ ಏನೂ ಸೋರಿಹೋಗಿಲ್ಲ. ಸೀನಾಯಿಯಿಂದ ಹೊರಡುವ ಮುನ್ನ ಮೋಶೆಯು ನಿನ್ನ ಸಮ್ಮುಖವು ನಮ್ಮೊಂದಿಗೆ ಬಾರದಿದ್ದರೆ ನಮ್ಮನ್ನು ಇಲ್ಲಿಂದ ಹೊರಡಿಸಬೇಡ ಎಂದು ಬೇಡಿಕೊಂಡದ್ದು (ವಿಮೋಚನಕಾಂಡ 33:15) ಕೋಣೆಯಲ್ಲಿ ತುಂಬಿಕೊಳ್ಳುವ ಯಾವುದೋ ಶಕ್ತಿಯನ್ನಲ್ಲ, ತಮ್ಮ ಕಡೆಗೆ ತಿರುಗಿರುವ ಒಬ್ಬಾತನನ್ನು. ಸನ್ನಿಧಿಯನ್ನು ವಾತಾವರಣವೆಂದು ಭಾವಿಸಿದರೆ ಅದನ್ನು ಸೃಷ್ಟಿಸುವ ಹೊಣೆ ಸಂಗೀತದ ಮೇಲೆ, ದನಿಯ ಏರಿಳಿತದ ಮೇಲೆ ಬೀಳುತ್ತದೆ. ಮುಖವೆಂದು ತಿಳಿದರೆ ನಮ್ಮ ಪಾಲಿನ ಕೆಲಸ ಬಹಳ ಸರಳವಾಗುತ್ತದೆ: ನಾವೂ ಆ ಕಡೆಗೆ ತಿರುಗಬೇಕು, ಅಷ್ಟೆ.

ಇನ್ನೊಂದು ಭೇದವನ್ನೂ ಮನಸ್ಸಿನಲ್ಲಿಡಬೇಕು. 139ನೆಯ ಕೀರ್ತನೆ ಹೇಳುವ ಸನ್ನಿಧಿ ಎಲ್ಲೆಲ್ಲೂ ಇದೆ. ಆಕಾಶಕ್ಕೆ ಏರಿದರೂ ಪಾತಾಳದಲ್ಲಿ ಮಲಗಿದರೂ ಅದರಿಂದ ತಪ್ಪಿಸಿಕೊಳ್ಳಲಾಗದು. ಯೇಸು ತನ್ನ ಶಿಷ್ಯರಿಗೆ ಪವಿತ್ರಾತ್ಮನ ವಿಷಯವಾಗಿ ಕೊಟ್ಟ ವಾಗ್ದಾನದಲ್ಲಿ (ಯೋಹಾನ 14:16-17) ಕಾಣುವುದು ಇನ್ನೂ ಸಮೀಪದ್ದು, ಒಳಗೆ ನೆಲೆಸುವಂಥದ್ದು. ಮೂರನೆಯದು ನಮ್ಮ ಅನುಭವಕ್ಕೆ ಬರುವ ಸನ್ನಿಧಿ: ಮನಸ್ಸು ಬೆಚ್ಚಗಾಗುವುದು, ಸಮಾಧಾನ ಇಳಿದು ಬರುವುದು, ಕಣ್ಣೀರು. ಮೊದಲ ಎರಡೂ ನಮ್ಮ ಭಾವನೆಗೆ ಕಾಯುವುದಿಲ್ಲ. ಮೂರನೆಯದು ವರ, ಬಂದಾಗ ಕೃತಜ್ಞತೆಯಿಂದ ಸ್ವೀಕರಿಸಬೇಕು, ಬಾರದಿದ್ದಾಗ ಮೊದಲ ಎರಡು ಸುಳ್ಳಾದವೆಂದು ತೀರ್ಮಾನಿಸಬಾರದು. ಮುಂದೆ ಹೇಳುವ ಹೆಜ್ಜೆಗಳಲ್ಲಿ ಯಾವುದೂ ದೇವರನ್ನು ಕರೆತರುವುದಿಲ್ಲ, ಯಾವುದೂ ಭಾವನೆಯನ್ನು ಖಾತರಿಪಡಿಸುವುದಿಲ್ಲ. ಈಗಾಗಲೇ ಇರುವಾತನನ್ನು ಗಮನಿಸುವ ರೂಢಿಯನ್ನಷ್ಟೇ ಅವು ಬೆಳೆಸುತ್ತವೆ.

ಮೊದಲ ಹೆಜ್ಜೆ: ರಾತ್ರಿ ಹಿಂತಿರುಗಿ ನೋಡುವುದು

ಇಂಥ ಬರಹಗಳು ಸಾಮಾನ್ಯವಾಗಿ ಮುಂಜಾವಿನ ಪ್ರಾರ್ಥನೆಯಿಂದ ಆರಂಭವಾಗುತ್ತವೆ. ನಾನು ಬೇಕೆಂದೇ ರಾತ್ರಿಯಿಂದ ಆರಂಭಿಸುತ್ತೇನೆ. ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಪ್ರತಿಯೊಂದು ದಿನವೂ ಸಾಯಂಕಾಲದಿಂದಲೇ ಶುರುವಾಗುತ್ತದೆ ಎಂಬುದು ಒಂದು ಕಾರಣ. ಇನ್ನೂ ಮುಖ್ಯವಾದ ಕಾರಣವೆಂದರೆ, ಸತ್ಯವೇದದಲ್ಲಿ ಜನರು ದೇವರ ಸನ್ನಿಧಿಯನ್ನು ಗುರುತಿಸುವುದು ಹೆಚ್ಚಾಗಿ ಅದು ನಡೆದುಹೋದ ಮೇಲೆ. ಬೇತೇಲಿನಲ್ಲಿ ಯಾಕೋಬನು ಕಲ್ಲನ್ನು ತಲೆದಿಂಬಾಗಿಟ್ಟುಕೊಂಡು ಮಲಗಿ, ಎಚ್ಚರವಾದ ಮೇಲೆ ಯೆಹೋವನು ಈ ಸ್ಥಳದಲ್ಲಿದ್ದಾನೆ, ನನಗೆ ತಿಳಿದೇ ಇರಲಿಲ್ಲ ಎನ್ನುತ್ತಾನೆ (ಆದಿಕಾಂಡ 28:16). ಮಹಿಮೆಯನ್ನು ತೋರಿಸೆಂದು ಕೇಳಿದ ಮೋಶೆಗೆ ಕಂಡದ್ದು ಹಾದುಹೋದಾತನ ಬೆನ್ನು. ಎಮ್ಮಾಹುವಿಗೆ ಹೊರಟ ಇಬ್ಬರು ಶಿಷ್ಯರು ಸುಮಾರು ಹನ್ನೊಂದು ಕಿಲೋಮೀಟರಿನ ಆ ದಾರಿಯಲ್ಲಿ ಪುನರುತ್ಥಾನಗೊಂಡ ಯೇಸುವಿನೊಂದಿಗೆ ಮಾತನಾಡುತ್ತ ನಡೆದರೂ ಆತನು ಯಾರೆಂದು ಅರಿಯಲಿಲ್ಲ. ಆತನು ರೊಟ್ಟಿ ಮುರಿದು ಕಣ್ಮರೆಯಾದ ಮೇಲೆ, ದಾರಿಯಲ್ಲಿ ನಮ್ಮ ಹೃದಯ ಉರಿಯುತ್ತಿತ್ತಲ್ಲವೇ ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು (ಲೂಕ 24). ಉರಿಯುತ್ತಿದ್ದದ್ದು ನಿಜ, ಆದರೆ ಅದು ಗೊತ್ತಾದದ್ದು ನೆನಪಿನಲ್ಲಿ. ಆದ್ದರಿಂದ ನೆನಪಿಸಿಕೊಳ್ಳುವ ಅಭ್ಯಾಸವಿಲ್ಲದವನಿಗೆ ದಿನವಿಡೀ ದೇವರು ಜೊತೆಯಲ್ಲಿ ನಡೆದರೂ ಅದು ತಿಳಿಯದೇ ಹೋಗಬಹುದು.

ಹದಿನಾರನೆಯ ಶತಮಾನದಲ್ಲಿ ಇಗ್ನೇಷಿಯಸ್ ಲೊಯೋಲಾ (1491–1556) ತನ್ನ ಜೊತೆಗಾರರಿಗೆ ಕಲಿಸಿದ ಮನಸ್ಸಾಕ್ಷಿಯ ಪರಿಶೋಧನೆಯಲ್ಲಿ ಐದು ಅಂಶಗಳಿವೆ: ಉಪಕಾರಗಳಿಗಾಗಿ ಸ್ತೋತ್ರ, ಬೆಳಕಿಗಾಗಿ ಬೇಡಿಕೆ, ದಿನದ ಪರಿಶೀಲನೆ, ಕ್ಷಮೆ ಕೇಳುವುದು, ನಾಳೆಗಾಗಿ ನಿಶ್ಚಯ. ಈ ಕ್ರಮವನ್ನು ಯಾವ ಸಭೆಗೆ ಸೇರಿದವರೂ ನಿಸ್ಸಂಕೋಚವಾಗಿ ಬಳಸಬಹುದು. ಅದನ್ನು ನಡೆಸುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮಲಗುವುದಕ್ಕೆ ಹದಿನೈದು ನಿಮಿಷ ಮುಂಚೆ, ಹಾಸಿಗೆಯ ಮೇಲಲ್ಲದೆ ಕುರ್ಚಿಯ ಮೇಲೆ ಕುಳಿತುಕೊಳ್ಳಿ. ಹಾಸಿಗೆಯಲ್ಲಿ ಶುರುವಾದ ಪರಿಶೋಧನೆ ಎರಡನೆಯ ಅಂಶವನ್ನು ದಾಟುವುದಿಲ್ಲ. ಒಂದು ಸಣ್ಣ ನೋಟ್‌ಬುಕ್ ಜೊತೆಯಲ್ಲಿರಲಿ. ಮೊದಲು ದೇವರ ಮುಂದೆ ಇದ್ದೇನೆಂಬುದನ್ನು ಒಂದು ವಾಕ್ಯದಲ್ಲಿ ಒಪ್ಪಿಕೊಳ್ಳಿ. ಅನಂತರ ಬೆಳಿಗ್ಗೆ ಎದ್ದಾಗಿನಿಂದ ಗಂಟೆಗಂಟೆಯಾಗಿ ದಿನವನ್ನು ನೆನೆಯುತ್ತ ಹೋಗಿ: ಎಲ್ಲಿ ಮನಸ್ಸು ಹಗುರವಾಯಿತು, ಎಲ್ಲಿ ಬಿಗಿದುಕೊಂಡಿತು, ಯಾರ ಮಾತು ಮತ್ತೆ ಮತ್ತೆ ನೆನಪಾಗುತ್ತಿದೆ, ಯಾವ ಕ್ಷಣದಲ್ಲಿ ಮುಖ ತಿರುಗಿಸಿಕೊಂಡೆ. ಆತುರದ ತೀರ್ಪು ಬೇಡ. ಪಾಪಗಳ ಪಟ್ಟಿ ಮಾಡುವುದರಲ್ಲೇ ಹದಿನೈದು ನಿಮಿಷ ಕಳೆದರೆ ಅದು ಪರಿಶೋಧನೆಯ ಅರ್ಧ ಭಾಗವಷ್ಟೇ. ಸ್ತೋತ್ರವನ್ನು ಮೊದಲಿಗಿಟ್ಟಿರುವುದು ಸುಮ್ಮನೆ ಅಲ್ಲ. ಕೊನೆಗೆ, ದೇವರು ಇಂದು ಎಲ್ಲಿ ಹಾದುಹೋದನೆಂದು ನಿಮಗೆ ಅನ್ನಿಸುತ್ತದೆಯೋ ಆ ಒಂದು ಸಂಗತಿಯನ್ನು ಎರಡೇ ಸಾಲಿನಲ್ಲಿ ಬರೆದುಕೊಳ್ಳಿ. 'ಅನ್ನಿಸುತ್ತದೆ' ಎಂಬ ಮಾತು ಸಾಕು. ಖಚಿತವಾಗಿ ಸಾಧಿಸಿ ತೋರಿಸಬೇಕಾಗಿಲ್ಲ.

ನನ್ನ ನೋಟ್‌ಬುಕ್ಕಿನ ಒಂದು ಪುಟದಲ್ಲಿ 'ಬೆಂಚು, ಚೀಲ, ನೀರು' ಎಂಬ ಮೂರು ಪದಗಳಿವೆ. ಅಂದು ತಂದೆಯವರ ಪರೀಕ್ಷೆಯ ಫಲಿತಾಂಶಕ್ಕಾಗಿ ಆಸ್ಪತ್ರೆಯ ಓಣಿಯಲ್ಲಿ ನಾಲ್ಕು ಗಂಟೆ ಕಾದಿದ್ದೆ. ಪ್ರಾರ್ಥಿಸಲು ಪ್ರಯತ್ನಿಸಿದರೂ ಒಂದು ವಾಕ್ಯವೂ ಕೂಡಿಬರಲಿಲ್ಲ. ಪಕ್ಕದಲ್ಲಿದ್ದ ವಯಸ್ಸಾದ ಹೆಂಗಸು ತನ್ನ ಚೀಲವನ್ನು ಬೆಂಚಿನಿಂದ ಎತ್ತಿ ಮಡಿಲಲ್ಲಿಟ್ಟುಕೊಂಡು ನನಗೆ ಜಾಗ ಮಾಡಿಕೊಟ್ಟಳು. ಸ್ವಲ್ಪ ಹೊತ್ತಾದ ಮೇಲೆ ಏನೂ ಕೇಳದೆ ನೀರಿನ ಬಾಟಲಿಯನ್ನು ನನ್ನ ಕಡೆಗೆ ಚಾಚಿದಳು. ನಾನು ಕುಡಿದೆ, ಥ್ಯಾಂಕ್ಸ್ ಎಂದೆನೋ ಇಲ್ಲವೋ ನೆನಪಿಲ್ಲ. ರಾತ್ರಿ ನೋಟ್‌ಬುಕ್ ತೆರೆದು ಕುಳಿತಾಗಲೇ ಆ ಕೈ ಕಣ್ಮುಂದೆ ಬಂದದ್ದು. ಓಣಿಯಲ್ಲಿ ನಾನು ದೇವರು ಎಲ್ಲಿ ಎಂದು ಕೇಳುತ್ತಿದ್ದೆ. ಆ ಕೇಳುವಿಕೆಯ ನಡುವೆಯೇ ಯಾರೋ ಸರಿದು ಕುಳಿತು ಜಾಗ ಮಾಡಿದ್ದರು.

ಬೇರೆ ಯಾವ ಹೆಜ್ಜೆಯನ್ನೂ ಸೇರಿಸದೆ ಇದೊಂದನ್ನೇ ಎರಡು ವಾರ ನಡೆಸಿ. ಮೊದಲ ನಾಲ್ಕೈದು ರಾತ್ರಿ ಬರೆಯಲು ಏನೂ ಸಿಗದಿರುವುದು ಸಹಜ. ರಾತ್ರಿ ಲೆಕ್ಕ ಕೊಡಬೇಕೆಂದು ಗೊತ್ತಿರುವ ಮನಸ್ಸು ಕ್ರಮೇಣ ಹಗಲಿನಲ್ಲೇ ಗಮನಿಸತೊಡಗುತ್ತದೆ.

ಎರಡನೆಯ ಹೆಜ್ಜೆ: ಬೆಳಗಿನ ಓದು ಮತ್ತು ಮೌನ

ಬೆಳಗಿನ ವಿಷಯದಲ್ಲಿ ನನ್ನದು ಒಂದೇ ಕಟ್ಟುನಿಟ್ಟು: ಮೊಬೈಲಿಗಿಂತ ಮೊದಲು ಸತ್ಯವೇದ. ಎಷ್ಟು ಹೊತ್ತು ಎಂಬುದು ನಂತರದ ಪ್ರಶ್ನೆ. ಯೇಸು ಮುಂಜಾನೆ ಇನ್ನೂ ಕತ್ತಲಿರುವಾಗಲೇ ಎದ್ದು ಅಡವಿಯ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದನೆಂದು ಮಾರ್ಕನು ಬರೆಯುತ್ತಾನೆ (1:35). ಆದರೆ ಹಿಂದಿನ ರಾತ್ರಿ ಇಡೀ ಊರು ಬಾಗಿಲ ಮುಂದೆ ನೆರೆದಿತ್ತೆಂಬುದನ್ನೂ, ಪ್ರಾರ್ಥನೆಯ ನಡುವೆಯೇ ಶಿಷ್ಯರು ಹುಡುಕಿಕೊಂಡು ಬಂದರೆಂಬುದನ್ನೂ ಅದೇ ಅಧ್ಯಾಯ ಹೇಳುತ್ತದೆ. ಅಡ್ಡಿಯಿಲ್ಲದ ಬೆಳಗು ಆತನಿಗೂ ಸಿಗಲಿಲ್ಲ. ಎಳೆಯ ಮಗುವಿರುವ ತಾಯಿಗೆ, ರಾತ್ರಿಪಾಳಿ ಮುಗಿಸಿ ಬರುವವರಿಗೆ ಬೆಳಗು ಎಂದರೆ ಯಾವ ಹೊತ್ತೆಂಬುದನ್ನು ಅವರವರೇ ನಿರ್ಧರಿಸಲಿ.

ಓದುವ ಭಾಗ ಚಿಕ್ಕದಿರಲಿ, ಎಂಟು ಹತ್ತು ವಚನ ಸಾಕು. ವರ್ಷದಲ್ಲಿ ಇಡೀ ಸತ್ಯವೇದವನ್ನು ಓದಿ ಮುಗಿಸುವ ಯೋಜನೆ ಒಳ್ಳೆಯದೇ, ಆದರೆ ಅದನ್ನು ಬೇರೆ ಹೊತ್ತಿಗೆ ಇಟ್ಟುಕೊಳ್ಳಿ. ಅಧ್ಯಾಯಗಳನ್ನು ಮುಗಿಸುವ ಅವಸರ ಮತ್ತು ಸನ್ನಿಧಿಯಲ್ಲಿ ಕೂರುವ ಬಿಡುವು ಎರಡೂ ಒಂದೇ ಇಪ್ಪತ್ತು ನಿಮಿಷದಲ್ಲಿ ಹೊಂದಿಕೊಳ್ಳುವುದಿಲ್ಲ. ಮೊದಲ ಕೀರ್ತನೆಯಲ್ಲಿ ಹಗಲಿರುಳು ಧ್ಯಾನಿಸುವವನು ಧನ್ಯನೆಂದು ಹೇಳುವಾಗ ಬಳಸಿರುವ 'ಹಾಗಾ' ಎಂಬ ಹೀಬ್ರೂ ಕ್ರಿಯಾಪದಕ್ಕೆ ಮೆಲುದನಿಯಲ್ಲಿ ಗುನುಗುವುದು ಎಂಬ ಅರ್ಥವಿದೆ. ಆದ್ದರಿಂದ ತುಟಿ ಅಲುಗುವಂತೆ, ನಿಮ್ಮ ಕಿವಿಗೆ ಕೇಳುವಷ್ಟು ದನಿಯಲ್ಲಿ ಓದಿ. ಹನ್ನೆರಡನೆಯ ಶತಮಾನದ ಕಾರ್ಥೂಸಿಯನ್ ಸನ್ಯಾಸಿ ಎರಡನೆಯ ಗೀಗೊ ಈ ಬಗೆಯ ಓದನ್ನು ನಾಲ್ಕು ಮೆಟ್ಟಿಲಿನ ಏಣಿಯಾಗಿ ವಿವರಿಸಿದ: ಓದು, ಮನನ, ಪ್ರಾರ್ಥನೆ, ಮತ್ತು ಮಾತಿಲ್ಲದೆ ದೇವರ ಮುಂದೆ ತಂಗುವುದು.

ಒಂದು ಉದಾಹರಣೆ ನೋಡೋಣ. ಮಾರ್ಕ 10:46ರಿಂದ 52ರವರೆಗೆ ಕುರುಡನಾದ ಬಾರ್ತಿಮಾಯನ ಕಥೆಯಿದೆ. ಮೊದಲ ಸಲ ಓದಿದಾಗ ಗೊತ್ತಿರುವ ಕಥೆಯೇ ಅನ್ನಿಸುತ್ತದೆ. ಎರಡನೆಯ ಸಲ ನಿಧಾನವಾಗಿ ಓದುವಾಗ 49ನೆಯ ವಚನದಲ್ಲಿ ಯೇಸು 'ನಿಂತನು' ಎಂಬಲ್ಲಿ ಮನಸ್ಸು ತಡೆಯುತ್ತದೆ. ಅಲ್ಲೇ ನಿಂತುಬಿಡಿ, ಮುಂದಕ್ಕೆ ಹೋಗಬೇಡಿ. ಆತನು ಹೊರಟಿರುವುದು ಯೆರೂಸಲೇಮಿಗೆ, ತನ್ನ ಮರಣದ ಕಡೆಗೆ, ಸುತ್ತಲೂ ಜನಜಂಗುಳಿ, ಸುಮ್ಮನಿರು ಎಂದು ಕುರುಡನನ್ನು ಗದರಿಸುವವರೇ ಎಲ್ಲರೂ. ಅಷ್ಟರ ನಡುವೆ ಒಂದು ದನಿಗಾಗಿ ಆ ಹೆಜ್ಜೆಗಳು ನಿಂತವು. ಇಲ್ಲಿಂದ ಪ್ರಾರ್ಥನೆ ತಾನಾಗಿ ಹುಟ್ಟುತ್ತದೆ: ಕರ್ತನೇ, ನನಗಾಗಿಯೂ ನಿಲ್ಲುತ್ತೀಯಾ? ಆಮೇಲೆ 51ನೆಯ ವಚನದ ಪ್ರಶ್ನೆಯನ್ನು ನಿಮಗೇ ಕೇಳಿದಂತೆ ಕೇಳಿಸಿಕೊಳ್ಳಿ: ನಾನು ನಿನಗೆ ಏನು ಮಾಡಬೇಕೆಂದು ಕೋರುತ್ತೀ? ಉತ್ತರವನ್ನು ಪ್ರಾಮಾಣಿಕವಾಗಿ ಹೇಳಿ, ಭಕ್ತಿಯುಕ್ತವಾಗಿ ಕೇಳಿಸಬೇಕೆಂದೇನಿಲ್ಲ. ಉಳಿದ ಎರಡು ಮೂರು ನಿಮಿಷ ಏನೂ ಹೇಳದೆ ಕುಳಿತಿರಿ. ಮನಸ್ಸು ಅಲೆದಾಡುತ್ತದೆ, ಅಲೆದದ್ದು ಗೊತ್ತಾದಾಗಲೆಲ್ಲ ಗದರಿಕೊಳ್ಳದೆ 'ನಿಂತನು' ಎಂಬ ಆ ಒಂದು ಮಾತಿಗೆ ಮರಳಿ. ಆ ಮಾತನ್ನೇ ದಿನದೊಳಕ್ಕೆ ಒಯ್ಯಿರಿ.

ಮೂರನೆಯ ಹೆಜ್ಜೆ: ಒಂದೇ ಉಸಿರಿನ ಪ್ರಾರ್ಥನೆ

ಎಡೆಬಿಡದೆ ಪ್ರಾರ್ಥಿಸಿರಿ ಎಂದು ಪೌಲನು ಥೆಸಲೊನೀಕದವರಿಗೆ ಬರೆದದ್ದನ್ನು ಅಕ್ಷರಶಃ ನಡೆಸುವುದು ಹೇಗೆಂಬುದು ಸಭೆಯ ಇತಿಹಾಸದುದ್ದಕ್ಕೂ ಕಾಡಿದ ಪ್ರಶ್ನೆ. ಐದನೆಯ ಶತಮಾನದ ಆರಂಭದಲ್ಲಿ ಜಾನ್ ಕ್ಯಾಸಿಯನ್, ಈಜಿಪ್ಟಿನ ಮರುಭೂಮಿಯ ತಪಸ್ವಿಗಳಿಂದ ಕಲಿತ ಉತ್ತರವನ್ನು ದಾಖಲಿಸಿದ: 70ನೆಯ ಕೀರ್ತನೆಯ ಮೊದಲ ವಚನವನ್ನು, ಅಂದರೆ ದೇವರೇ ನನ್ನನ್ನು ರಕ್ಷಿಸು, ಯೆಹೋವನೇ ನನ್ನ ಸಹಾಯಕ್ಕೆ ತ್ವರೆಪಡು ಎಂಬುದನ್ನು, ಪ್ರತಿಯೊಂದು ಸ್ಥಿತಿಯಲ್ಲೂ ಹೇಳಿಕೊಳ್ಳುವುದು. ಪೂರ್ವದ ಆರ್ಥೊಡಾಕ್ಸ್ ಸಭೆಗಳಲ್ಲಿ 'ಕರ್ತನಾದ ಯೇಸು ಕ್ರಿಸ್ತನೇ, ದೇವರ ಕುಮಾರನೇ, ಪಾಪಿಯಾದ ನನ್ನನ್ನು ಕರುಣಿಸು' ಎಂಬ ಯೇಸುವಿನ ಪ್ರಾರ್ಥನೆ ಅದೇ ಕೆಲಸ ಮಾಡುತ್ತದೆ. ಅದರ ಬೇರು ಬಾರ್ತಿಮಾಯನ ಕೂಗಿನಲ್ಲೂ, ದೇವಾಲಯದಲ್ಲಿ ದೂರ ನಿಂತು ಎದೆ ಬಡಿದುಕೊಂಡ ಸುಂಕದವನ ಮಾತಿನಲ್ಲೂ ಇದೆ.

ನಿಮ್ಮದೇ ಒಂದು ಸಣ್ಣ ವಾಕ್ಯವನ್ನು ಸತ್ಯವೇದದಿಂದ ಆರಿಸಿಕೊಳ್ಳಿ. ಒಂದು ಉಸಿರಿನಲ್ಲಿ ಹೇಳಿ ಮುಗಿಯುವಂತಿರಲಿ. ಕನಿಷ್ಠ ಒಂದು ತಿಂಗಳು ಅದನ್ನು ಬದಲಿಸಬೇಡಿ. ಅದನ್ನು ದಿನವೂ ತಪ್ಪದೆ ನಡೆಯುವ ಮೂರು ನಾಲ್ಕು ಕೆಲಸಗಳಿಗೆ ಕಟ್ಟಿಹಾಕಿ: ಬಾಗಿಲ ಬೀಗ ತೆಗೆಯುವಾಗ, ನೀರು ಕುಡಿಯುವಾಗ, ಫೋನ್ ಎತ್ತುವ ಮುನ್ನ. ಮಂತ್ರದಂತೆ ಎಷ್ಟು ಸಲ ಹೇಳಿದೆನೆಂದು ಎಣಿಸಬೇಡಿ. ಅನ್ಯಜನರಂತೆ ಬರೀ ಮಾತುಗಳನ್ನು ಹೆಚ್ಚಿಸಬೇಡಿರಿ ಎಂಬ ಯೇಸುವಿನ ಎಚ್ಚರಿಕೆ (ಮತ್ತಾಯ 6:7) ಮಾತು ಕಡಿಮೆಯಿದ್ದಾಗಲೂ ಅನ್ವಯಿಸುತ್ತದೆ.

ಇಲ್ಲಿ ಪರ್ಶಿಯದ ಅರಸನಿಗೆ ಪಾನಪಾತ್ರೆ ಕೊಡುವ ಸೇವಕನಾಗಿದ್ದ ನೆಹೆಮೀಯನನ್ನು ನೆನೆಯದೆ ಮುಂದಕ್ಕೆ ಹೋಗಲಾರೆ. ಅರಸನು ನಿನಗೇನು ಬೇಕು ಎಂದು ಕೇಳಿದಾಗ, ಉತ್ತರಿಸುವ ಮುನ್ನ ಆತ ಪರಲೋಕದ ದೇವರನ್ನು ಪ್ರಾರ್ಥಿಸಿದ (2:4). ಪಾನಪಾತ್ರೆಯನ್ನು ಕೈಯಲ್ಲಿ ಹಿಡಿದು ನಿಂತವನಿಗೆ ಸಿಕ್ಕದ್ದು ಒಂದೆರಡು ಕ್ಷಣ ಮಾತ್ರ. ಆದರೆ ಮೊದಲ ಅಧ್ಯಾಯದ ಅಳು, ಉಪವಾಸ, ಪ್ರಾರ್ಥನೆ ನಡೆದದ್ದು ಕಿಸ್ಲೇವ್ ಮಾಸದಲ್ಲಿ. ಅರಸನ ಪ್ರಶ್ನೆ ಬಂದದ್ದು ನೀಸಾನ್ ಮಾಸದಲ್ಲಿ. ಸುಮಾರು ನಾಲ್ಕು ತಿಂಗಳ ಪ್ರಾರ್ಥನೆ ಆ ಒಂದು ಉಸಿರಿನ ಹಿಂದಿತ್ತು. ಬೆಳಗಿನ ಮತ್ತು ರಾತ್ರಿಯ ಬಿಡುವನ್ನು ಬಿಟ್ಟು ಬರೀ ಕಿರು ಪ್ರಾರ್ಥನೆಯನ್ನು ಇಟ್ಟುಕೊಂಡವರ ಅನುಭವ ಬೇಗ ಬತ್ತಿಹೋಗುವುದಕ್ಕೆ ಇದೇ ಕಾರಣವೆಂದು ನನ್ನ ಎಣಿಕೆ.

ನಾಲ್ಕನೆಯ ಹೆಜ್ಜೆ: ಕೆಲಸದ ಅಂಚುಗಳು

ಈ ವಿಷಯ ಬಂದಾಗ ಎಲ್ಲರೂ ನೆನೆಯುವ ಹೆಸರು ಬ್ರದರ್ ಲಾರೆನ್ಸ್. ಲೊರೇನ್ ಪ್ರಾಂತ್ಯದ ನಿಕೊಲಾ ಎರ್ಮಾನ್ ಎಂಬ ಈತ ಮೊದಲು ಸೈನಿಕನಾಗಿದ್ದು, ಗಾಯಗೊಂಡು, 1640ರಲ್ಲಿ ಪ್ಯಾರಿಸ್ಸಿನ ಕಾರ್ಮೆಲೈಟ್ ಮಠವನ್ನು ಸೇರಿ, ಅಡುಗೆಮನೆಯಲ್ಲಿ ವರ್ಷಗಟ್ಟಲೆ ದುಡಿದು, ಕೊನೆಗೆ ಚಪ್ಪಲಿ ಹೊಲಿಯುವ ಕೆಲಸದಲ್ಲಿದ್ದು 1691ರಲ್ಲಿ ತೀರಿಕೊಂಡ. ಪಾತ್ರೆಗಳ ಸದ್ದಿನ ನಡುವೆ, ಹಲವರು ಒಮ್ಮೆಗೇ ಹಲವು ವಸ್ತುಗಳನ್ನು ಕೇಳುತ್ತಿರುವಾಗಲೂ, ಮೊಣಕಾಲೂರಿದಾಗ ಇರುವಷ್ಟೇ ಶಾಂತಿಯಿಂದ ದೇವರೊಂದಿಗೆ ಇರುತ್ತೇನೆಂಬ ಆತನ ಮಾತನ್ನು ಎಲ್ಲರೂ ಹೇಳುತ್ತಾರೆ. ಅಡುಗೆಮನೆಯ ಕೆಲಸ ಆತನಿಗೆ ಸ್ವಭಾವತಃ ಇಷ್ಟವಿರಲಿಲ್ಲ ಎಂಬುದನ್ನೂ, ಮೊದಲ ಹತ್ತು ವರ್ಷ ತಾನು ಬಹಳ ನರಳಿದೆನೆಂದು ಆತನೇ ಪತ್ರವೊಂದರಲ್ಲಿ ಒಪ್ಪಿಕೊಂಡಿದ್ದನೆಂಬುದನ್ನೂ ಹೇಳುವವರು ಕಡಿಮೆ. ಮೂರನೆಯ ವಾರಕ್ಕೆ ನಿರಾಶರಾಗುವ ನಮಗೆ ಬೇಕಾಗಿರುವುದು ಆ ಎರಡನೆಯ ಮಾತು.

ದೇವರೊಂದಿಗೆ ಕೆಲಸ ಮಾಡುವುದೆಂದರೆ ಕೆಲಸದ ಉದ್ದಕ್ಕೂ ದೇವರ ಬಗ್ಗೆ ಯೋಚಿಸುತ್ತಿರುವುದಲ್ಲ. ವಾಹನ ಓಡಿಸುವವರು ರಸ್ತೆಯ ಮೇಲೆ, ಶಸ್ತ್ರಚಿಕಿತ್ಸಕರು ಕತ್ತರಿಯ ಮೇಲೆ ಪೂರ್ಣ ಗಮನವಿಡಬೇಕು; ಆ ಗಮನವೇ ಅವರ ಪ್ರಾರ್ಥನೆ. ಫಿಲಿಪ್ಪೀನ್ಸ್‌ನ ಮಿಂಡನಾವೊ ದ್ವೀಪದಲ್ಲಿದ್ದ ಮಿಷನರಿ ಫ್ರ್ಯಾಂಕ್ ಲಾಬಾಕ್ 1930ರಲ್ಲಿ, ತನ್ನ 45ನೆಯ ವಯಸ್ಸಿನಲ್ಲಿ, ಪ್ರತಿ ನಿಮಿಷವೂ ದೇವರನ್ನು ನೆನೆಯಲು ಸಾಧ್ಯವೇ ಎಂಬ ಪ್ರಯೋಗ ನಡೆಸಿ ತನ್ನ ಸೋಲುಗಳನ್ನೂ ಮುಚ್ಚಿಡದೆ ಬರೆದ. ಆ ಪ್ರಾಮಾಣಿಕತೆ ನನಗೆ ಬಹಳ ಇಷ್ಟ, ಆದರೆ ನಿಮಿಷಗಳನ್ನು ಎಣಿಸುವ ಕ್ರಮವನ್ನು ಎಲ್ಲರಿಗೂ ಹೇಳಲಾರೆ. ಮೊದಲೇ ತಮ್ಮನ್ನು ತಾವು ಕುಟುಕಿಕೊಳ್ಳುವ ಸ್ವಭಾವದವರಿಗೆ ಅದು ಇನ್ನೊಂದು ಚಾವಟಿಯಾಗುತ್ತದೆ.

ಅದರ ಬದಲು ಕೆಲಸದ ಅಂಚುಗಳನ್ನು ಹಿಡಿಯಿರಿ. ಒಂದು ಕೆಲಸ ಮುಗಿದು ಇನ್ನೊಂದು ಶುರುವಾಗುವ ಮುನ್ನ ಇರುವ ಅರ್ಧ ನಿಮಿಷವನ್ನು ನಾವು ಸಾಮಾನ್ಯವಾಗಿ ಮೊಬೈಲಿಗೆ ಕೊಡುತ್ತೇವೆ. ಆ ಅರ್ಧ ನಿಮಿಷದಲ್ಲಿ ಕೈಗಳನ್ನು ಮೇಜಿನ ಮೇಲೆ ಬಿಟ್ಟು, ಮುಗಿದ ಕೆಲಸವನ್ನು ಒಪ್ಪಿಸಿ, ಮುಂದಿನದನ್ನು ಆತನ ಕೈಯಿಂದ ಪಡೆದುಕೊಳ್ಳಿ. ಇನ್ನು ಕೈ ಮಾತ್ರ ದುಡಿಯುವ ಕೆಲಸಗಳಿವೆಯಲ್ಲ, ತಟ್ಟೆ ತೊಳೆಯುವುದು, ಬಟ್ಟೆ ಮಡಿಸುವುದು, ಅಲ್ಲಿ ಇನ್ನೂ ಹೆಚ್ಚು ಅವಕಾಶವಿದೆ. ಬೆನೆಡಿಕ್ಟನ ಮಠನಿಯಮದ 31ನೆಯ ಅಧ್ಯಾಯವು ಮಠದ ಉಗ್ರಾಣಿಯು ಎಲ್ಲ ಪಾತ್ರೆಪರಿಕರಗಳನ್ನೂ ಯಜ್ಞವೇದಿಯ ಪವಿತ್ರ ಪಾತ್ರೆಗಳಂತೆ ಕಾಣಬೇಕೆಂದು ವಿಧಿಸುತ್ತದೆ. ಒಂದು ಸಂಜೆ ಇದನ್ನು ಪ್ರಯೋಗಿಸಿ ನೋಡಿ: ಬೆರಳಿಗೆ ತಾಗುವ ನೀರು, ನೊರೆ ಜಾರಿದಾಗ ಕಾಣಿಸುವ ತಟ್ಟೆಯ ಅಂಚಿನ ಸಣ್ಣ ಬಿರುಕು, ಈ ತಟ್ಟೆಯಲ್ಲಿ ಊಟ ಮಾಡಿದವರ ಹೆಸರು. ಒಂದು ತಟ್ಟೆಗೆ ಒಂದು ಹೆಸರು. ಐದು ತಟ್ಟೆ ಮುಗಿಯುವುದರೊಳಗೆ ಮನೆಮಂದಿಗೆಲ್ಲ ಪ್ರಾರ್ಥನೆ ಸಲ್ಲಿಸಿದಂತಾಗುತ್ತದೆ, ತಟ್ಟೆಗಳೂ ಚೆನ್ನಾಗಿ ತೊಳೆದಿರುತ್ತವೆ.

ಐದನೆಯ ಹೆಜ್ಜೆ: ಎದುರಿಗಿರುವ ಮುಖ

ಯಾಕೋಬನು ಯಬ್ಬೋಕ್ ಹೊಳೆಯ ದಡದಲ್ಲಿ ಇರುಳಿಡೀ ಹೋರಾಡಿ, ದೇವರನ್ನು ಮುಖಾಮುಖಿಯಾಗಿ ಕಂಡೆನೆಂದು ಆ ಸ್ಥಳಕ್ಕೆ ಪೆನೀಯೇಲ್, ಅಂದರೆ ದೇವರ ಮುಖ, ಎಂದು ಹೆಸರಿಟ್ಟ. ಮರುದಿನ, ಇಪ್ಪತ್ತು ವರ್ಷಗಳ ಹಿಂದೆ ತಾನು ವಂಚಿಸಿದ್ದ ಅಣ್ಣ ಏಸಾವನು ಓಡಿಬಂದು ಅಪ್ಪಿಕೊಂಡಾಗ, ನಿನ್ನ ಮುಖವನ್ನು ನೋಡಿದ್ದು ದೇವರ ಮುಖವನ್ನೇ ನೋಡಿದಂತಾಯಿತು ಎನ್ನುತ್ತಾನೆ (ಆದಿಕಾಂಡ 33:10). ಅಲ್ಲೂ ಪದ ಅದೇ, ಪಾನೀಮ್. ಹೊಳೆಯ ದಡದ ಅನುಭವ ನಿಜವೋ ಅಲ್ಲವೋ ಎಂಬುದು ಅಣ್ಣನ ಎದುರು ನಿಂತಾಗ ಗೊತ್ತಾಗುತ್ತದೆ.

ಆದ್ದರಿಂದ ಕೋಣೆಯ ಬಾಗಿಲು ಮುಚ್ಚಿಕೊಂಡಾಗ ಎಷ್ಟು ಸಮಾಧಾನ ಸಿಕ್ಕಿತೆಂಬುದಕ್ಕಿಂತ, ಬಾಗಿಲು ತೆರೆದು ಹೊರಬಂದಾಗ ಮೊದಲು ಎದುರಾದವರೊಡನೆ ಹೇಗೆ ಮಾತಾಡಿದೆ ಎಂಬುದನ್ನು ಗಮನಿಸಿ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗಿ ಸಹೋದರನ ಸಂಗಡ ಸಮಾಧಾನವಾಗು ಎಂದು ಯೇಸು ಹೇಳಿದ್ದು (ಮತ್ತಾಯ 5:23-24) ಆರಾಧನೆ ನಡುವೆಯೇ ನಿಂತರೂ ಚಿಂತೆಯಿಲ್ಲ ಎಂಬಷ್ಟು ಕಠಿಣವಾದ ಮಾತು. ಪ್ರಾರ್ಥನೆಯಲ್ಲಿ ದೇವರು ದೂರವಾದಂತೆ ಅನ್ನಿಸಿದಾಗ ನಾನು ಮೊದಲು ಕೇಳಿಕೊಳ್ಳುವುದು, ಈ ವಾರ ಯಾರ ಮುಖ ತಪ್ಪಿಸಿ ಓಡಾಡಿದೆ ಎಂದು. ಪ್ರತಿ ಸಲವೂ ಉತ್ತರ ಅಲ್ಲೇ ಸಿಗುತ್ತದೆಂದಲ್ಲ, ಆದರೆ ಎಷ್ಟು ಸಲ ಸಿಕ್ಕಿದೆಯೆಂದು ಹೇಳಲು ನಾಚಿಕೆಯಾಗುತ್ತದೆ. ನಿಮ್ಮನ್ನು ಹಿಂಸಿಸಿದವರ ಬಳಿಗೆ ಹಿಂತಿರುಗಿ ಅದೇ ಹಿಂಸೆಗೆ ಒಡ್ಡಿಕೊಳ್ಳಬೇಕೆಂದು ಮಾತ್ರ ಇದರ ಅರ್ಥವಲ್ಲ. ದಾಸಿಯಾಗಿದ್ದ ಹಾಗರಳು ತನ್ನ ಒಡತಿ ಸಾರಯಳ ಉಪದ್ರವ ತಾಳಲಾರದೆ ಮರುಭೂಮಿಗೆ ಓಡಿಹೋದಾಗ ಆಕೆಯನ್ನು ಹುಡುಕಿ ಬಂದದ್ದು ದೇವರೇ. ಆಕೆ ಆತನನ್ನು ನನ್ನನ್ನು ನೋಡುವ ದೇವರು ಎಂದು ಕರೆದಳು.

ಸಭೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಇಬ್ಬರು ಮೂವರು ಕೂಡಿಬಂದಲ್ಲಿ ತಾನಿರುವೆನೆಂಬ ವಾಗ್ದಾನವೂ, ಕರ್ತನ ಭೋಜನವೂ ಒಂಟಿಯಾಗಿ ಅಭ್ಯಾಸ ಮಾಡುವವರಿಗೆ ದೊರೆಯುವುದಿಲ್ಲ. ನಿಮಗೆ ಏನೂ ಅನ್ನಿಸದ ಭಾನುವಾರ ಪಕ್ಕದವರ ಹಾಡು ನಿಮ್ಮ ಪಾಲಿನ ನಂಬಿಕೆಯನ್ನೂ ಹೊತ್ತುಕೊಳ್ಳುತ್ತದೆ.

ಏನೂ ಅನ್ನಿಸದ ಕಾಲದಲ್ಲಿ

ಇವೆಲ್ಲವನ್ನೂ ಶ್ರದ್ಧೆಯಿಂದ ನಡೆಸಿದವರಿಗೂ ಒಣ ಕಾಲ ಬರುತ್ತದೆ. 88ನೆಯ ಕೀರ್ತನೆಯು ಕತ್ತಲೆಯ ಮಾತಿನೊಂದಿಗೇ ಮುಗಿಯುತ್ತದೆ. ಅದಕ್ಕೆ ಸಮಾಧಾನದ ಕೊನೆಯ ಸಾಲನ್ನು ಸೇರಿಸಬೇಕೆಂದು ಸತ್ಯವೇದಕ್ಕೆ ಅನ್ನಿಸಲಿಲ್ಲ. 1577ರಲ್ಲಿ ಟೊಲೆಡೊ ನಗರದಲ್ಲಿ ತನ್ನ ಸಂಘದವರಿಂದಲೇ ಸೆರೆಯಾದ ಸ್ಪೇನಿನ ಸನ್ಯಾಸಿ ಶಿಲುಬೆಯ ಯೋಹಾನ, ದೇವರು ಭಾವನೆಯ ಊರುಗೋಲನ್ನು ಕಿತ್ತುಕೊಂಡು ನಡೆಯಲು ಕಲಿಸುವ ಕಾಲವನ್ನು ಕತ್ತಲಿರುಳೆಂದು ಕರೆದ. ಮದರ್ ತೆರೇಸಾ ದಶಕಗಳ ಕಾಲ ಒಳಗೆ ಬರಿದಾದ ಭಾವದಲ್ಲೇ ಸೇವೆ ನಡೆಸಿದರೆಂಬುದು 2007ರಲ್ಲಿ ಪ್ರಕಟವಾದ ಅವರ ಪತ್ರಗಳಿಂದ ಜಗತ್ತಿಗೆ ತಿಳಿಯಿತು.

ಇಂಥ ಕಾಲದಲ್ಲಿ ಪ್ರಾರ್ಥನೆಯ ಹೊತ್ತನ್ನು ಕಡಿಮೆ ಮಾಡಬಹುದು, ನಿಲ್ಲಿಸಬೇಡಿ. ಸ್ವಂತ ಮಾತು ಹೊರಡದಿದ್ದರೆ ಕೀರ್ತನೆಯ ಮಾತನ್ನು ಎರವಲು ಪಡೆಯಿರಿ. 13, 42, 88 ಇಂಥ ಹೊತ್ತಿಗೆಂದೇ ಇವೆ. ದೂರುವುದಕ್ಕೆ ಹೆದರಬೇಡಿ, ದೂರು ಹೇಳುವವನು ಮುಖವನ್ನು ಆತನ ಕಡೆಗೇ ತಿರುಗಿಸಿರುತ್ತಾನೆ. ಇನ್ನು ಎಲೀಯನ ಕಥೆಯನ್ನು ಮೊದಲಿನಿಂದ ಓದಿ. ಹೋರೇಬಿನಲ್ಲಿ ಗಾಳಿ, ಭೂಕಂಪ, ಬೆಂಕಿಯ ನಂತರ ಕೇಳಿಬಂದ ಮೆಲುದನಿಯನ್ನು ಎಲ್ಲರೂ ಬಲ್ಲರು. ಅದಕ್ಕೂ ಮುಂಚೆ, ಸಾಯಬೇಕೆಂದು ಗಿಡದ ನೆರಳಿನಲ್ಲಿ ಮಲಗಿದವನನ್ನು ದೇವದೂತನು ತಟ್ಟಿ ಎಬ್ಬಿಸಿ ರೊಟ್ಟಿ ಮತ್ತು ನೀರು ಕೊಟ್ಟನು, ಮತ್ತೆ ಮಲಗಲು ಬಿಟ್ಟು, ಎರಡನೆಯ ಸಲವೂ ಎಬ್ಬಿಸಿ ಉಣಿಸಿದನು (1 ಅರಸುಗಳು 19:5-8). ಒಂದು ಉಪದೇಶವನ್ನೂ ಮಾಡಲಿಲ್ಲ. ನಿದ್ದೆಗೆಟ್ಟ ದೇಹಕ್ಕೆ ನಿದ್ದೆ ಬೇಕಾಗಿರಬಹುದು. ವಾರಗಟ್ಟಲೆ ಊಟ ನಿದ್ದೆ ಕೆಟ್ಟು, ಯಾವುದರಲ್ಲೂ ಆಸಕ್ತಿ ಉಳಿಯದೆ, ಬದುಕುವುದೇ ಬೇಡವೆನ್ನಿಸಿದರೆ ಅದನ್ನು ಆತ್ಮಿಕ ಪರೀಕ್ಷೆಯೆಂದು ಬಚ್ಚಿಟ್ಟುಕೊಳ್ಳದೆ ವೈದ್ಯರ ಬಳಿಗೆ ಹೋಗಿ, ಸಭಾಪಾಲಕರಿಗೂ ತಿಳಿಸಿ.

ಒಳದನಿಯನ್ನು ಪರೀಕ್ಷಿಸುವುದು

ಗಮನ ಹರಿತವಾದಂತೆ ಒಳಗೆ ಮೂಡುವ ಪ್ರೇರಣೆಗಳೂ ಹೆಚ್ಚುತ್ತವೆ, ಮೋಸಹೋಗುವ ಸಾಧ್ಯತೆಯೂ ಹೆಚ್ಚುತ್ತದೆ. ಎಲ್ಲ ಆತ್ಮಗಳನ್ನೂ ನಂಬದೆ ಪರೀಕ್ಷಿಸಿರಿ ಎಂಬುದು ಯೋಹಾನನ ಮೊದಲ ಪತ್ರಿಕೆಯ ಆಜ್ಞೆ. ಬಂದ ಪ್ರೇರಣೆ ಯೇಸುವಿನ ನಡೆನುಡಿಗೆ ಹೊಂದುತ್ತದೆಯೇ, ನಿಮ್ಮನ್ನು ಹೊಗಳದಿರುವ ಒಬ್ಬ ಹಿರಿಯ ವಿಶ್ವಾಸಿ ಅದನ್ನು ಕೇಳಿ ಏನೆನ್ನುತ್ತಾರೆ, ಒಂದು ವಾರ ಕಾದರೂ ಅದು ಉಳಿಯುತ್ತದೆಯೇ, ಇವು ಮೂರು ಸಾಕು. 'ದೇವರು ನನಗೆ ಹೇಳಿದನು' ಎಂಬ ಮಾತಿನಿಂದ ಇನ್ನೊಬ್ಬರ ಮದುವೆಯನ್ನು, ಹಣವನ್ನು, ಚಿಕಿತ್ಸೆಯನ್ನು ನಿರ್ಧರಿಸಹೊರಟವರನ್ನು, ಅವರು ಯಾವ ಪೀಠದಲ್ಲಿದ್ದರೂ, ನಂಬಬೇಡಿ. ನೀವೂ ಆ ಮಾತನ್ನು ಹಾಗೆ ಬಳಸಬೇಡಿ.

ಮೊದಲ ಎಂಟು ವಾರಗಳಿಗೆ

ಮೊದಲ ಎರಡು ವಾರ ರಾತ್ರಿಯ ಪರಿಶೋಧನೆ ಮಾತ್ರ. ಮೂರನೆಯ ವಾರದಿಂದ ಬೆಳಗಿನ ಇಪ್ಪತ್ತು ನಿಮಿಷವನ್ನು ಸೇರಿಸಿ. ಮಾರ್ಕನ ಸುವಾರ್ತೆಯನ್ನು ಚಿಕ್ಕ ಚಿಕ್ಕ ಭಾಗಗಳಾಗಿ ಆರಂಭಿಸುವುದು ಒಳ್ಳೆಯದು. ಐದನೆಯ ವಾರ ಕಿರು ಪ್ರಾರ್ಥನೆ, ಆರನೆಯದರಲ್ಲಿ ಕೆಲಸದ ಅಂಚುಗಳು. ಏಳನೆಯ ವಾರ ತಪ್ಪಿಸಿಕೊಂಡು ಓಡಾಡುತ್ತಿರುವ ಒಂದು ಮುಖವನ್ನು ಆರಿಸಿಕೊಂಡು, ದಿನವೂ ಅವರ ಹೆಸರೆತ್ತಿ ಪ್ರಾರ್ಥಿಸಿ. ಮಾತಾಡುವ ದಾರಿ ಅದರಲ್ಲೇ ತೆರೆಯಬಹುದು. ಎಂಟನೆಯ ವಾರ ಹೊಸದೇನನ್ನೂ ಸೇರಿಸದೆ ನೋಟ್‌ಬುಕ್ಕನ್ನು ಮೊದಲ ಪುಟದಿಂದ ಓದಿ. ಒಂದೊಂದು ರಾತ್ರಿ ಬಿಡಿಬಿಡಿಯಾಗಿ ಬರೆದ ಸಾಲುಗಳಲ್ಲಿ ಒಂದೇ ಬಗೆಯ ಸಂಗತಿ ಮತ್ತೆ ಮತ್ತೆ ಬಂದಿದ್ದರೆ ಅದರ ಕೆಳಗೆ ಗೆರೆ ಎಳೆಯಿರಿ. ದೇವರು ನಿಮ್ಮೊಂದಿಗೆ ಯಾವ ದಾರಿಯಲ್ಲಿ ನಡೆಯುತ್ತಿದ್ದಾನೆಂಬುದರ ಸೂಚನೆ ಅಲ್ಲಿರಬಹುದು.

ನಡುವೆ ಒಂದು ವಾರ ಪೂರ್ತಿ ಬಿಟ್ಟುಹೋದರೆ, ಬಿಟ್ಟುಹೋದ ರಾತ್ರಿಗಳನ್ನು ನೆನೆಸಿಕೊಂಡು ಬರೆದು ತುಂಬಿಸುವ ಪ್ರಯತ್ನ ಬೇಡ. ಆ ಪುಟಗಳು ಖಾಲಿಯಾಗಿಯೇ ಇರಲಿ. ಇಂದಿನ ದಿನಾಂಕ ಹಾಕಿ, ಇಂದು ಬೆಳಿಗ್ಗೆ ಎದ್ದಾಗಿನಿಂದ ನಡೆದದ್ದನ್ನು ನೆನೆಯಲು ಶುರುಮಾಡಿ.